ಮುದ್ರೆಯ ಮೇಲೆ ಮುದ್ರೆ: ದಾಖಲೆಗಳು ಗಡಿ ದಾಟಿದ ಚರಿತ್ರೆ

ಒಂದು ದೇಶದ ಅಧಿಕಾರಿ ಬರೆದುಕೊಟ್ಟ ಕಾಗದವನ್ನು ಬೇರೊಂದು ದೇಶದ ಅಧಿಕಾರಿ ಒಪ್ಪಿಕೊಳ್ಳಬೇಕಾದರೆ, ಅದರ ಮೇಲಿನ ರುಜು ಮತ್ತು ಮುದ್ರೆ ನಿಜವಾದವು ಎಂದು ಅವನಿಗೆ ಪರಿಚಯವಿರುವ ಯಾರಾದರೂ ಹೇಳಬೇಕು. ಈ ಕೆಲಸಕ್ಕೆ ದಾಖಲೆಗಳ ದೃಢೀಕರಣ ಎಂದು ಹೆಸರು; ಕಚೇರಿ ಮತ್ತು ಏಜೆನ್ಸಿಗಳ ಮಾತಿನಲ್ಲಿ ಅಟೆಸ್ಟೇಷನ್. ಪದವಿ ಪತ್ರ, ಜನನ ಪತ್ರ, ಮದುವೆಯ ನೋಂದಣಿ ಪತ್ರ, ಮುಖ್ತಾರನಾಮೆ, ಕೋರ್ಟಿನ ಆದೇಶ, ಕಂಪನಿಯ ಕಾಗದ ಇವೆಲ್ಲ ಇದಕ್ಕೆ ಒಳಪಡುತ್ತವೆ. ಬೆಂಗಳೂರಿನ ಮಹಾನಗರ ಪಾಲಿಕೆ ಕೊಟ್ಟ ಜನನ ಪತ್ರವನ್ನು ಬೆಂಗಳೂರಿನ ಶಾಲೆ ಮರುಮಾತಿಲ್ಲದೆ ತೆಗೆದುಕೊಳ್ಳುತ್ತದೆ. ರೋಮ್ ನಗರದ ಕಚೇರಿಗೆ ರುಜು ಮಾಡಿದವರ ಹೆಸರೂ ಗೊತ್ತಿಲ್ಲ, ಹುದ್ದೆಯೂ ಗೊತ್ತಿಲ್ಲ. ಈ ಅಪರಿಚಯವನ್ನು ದಾಟಲು ಬೇರೆ ಬೇರೆ ಕಾಲದ ರಾಜ್ಯಗಳು ಕಂಡುಕೊಂಡ ಉಪಾಯಗಳೇ ದೃಢೀಕರಣದ ಚರಿತ್ರೆ. ಉಪಾಯಗಳು ಬದಲಾಗುತ್ತ ಬಂದಿವೆ. ಅವುಗಳ ಮಿತಿ ಮಾತ್ರ ಹಾಗೆಯೇ ಉಳಿದಿದೆ. ದೃಢೀಕರಣವು ಸಾಕ್ಷಿ ಹೇಳುವುದು ರುಜು ಹಾಕಿದ ಕೈಯ ಬಗ್ಗೆ. ಕಾಗದದಲ್ಲಿ ಬರೆದಿರುವ ಸಂಗತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅರಸರ ಮುದ್ರೆ

ಭಾರತದಲ್ಲಿ ದಾಖಲೆಯ ಸಾಚಾತನದ ಚರ್ಚೆ ಬಹಳ ಹಳೆಯದು. ಅರಸನು ಭೂಮಿ ದಾನ ಕೊಟ್ಟಾಗ ಅದನ್ನು ಬಟ್ಟೆಯ ಮೇಲೋ ತಾಮ್ರದ ಹಲಗೆಯ ಮೇಲೋ ಬರೆಸಿ, ತನ್ನ ಮುದ್ರೆ ಒತ್ತಿ, ಸ್ವಂತ ಕೈಯ ಗುರುತು ಹಾಕಿ, ಕಾಲವನ್ನು ನಮೂದಿಸಿ ಕೊಡಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದನು. ರಾಜಶಾಸನವನ್ನು ಬರೆಯಬೇಕಾದವನು ಸಂಧಿವಿಗ್ರಹಿ ಎಂಬ ಮಾತು ಅದರಲ್ಲಿದೆ. ನೆರೆಯ ರಾಜ್ಯಗಳೊಡನೆ ಸಂಧಿ ಮತ್ತು ಯುದ್ಧದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಂತ್ರಿಯೇ ಸಂಧಿವಿಗ್ರಹಿ. ಅರಸನ ಹೆಸರಿನಲ್ಲಿ ಅಧಿಕೃತವಾಗಿ ಬರೆಯುವ ಅಧಿಕಾರ ಹೀಗೆ ಹೊರರಾಜ್ಯಗಳ ಸಂಬಂಧ ನೋಡುವ ಇಲಾಖೆಯಲ್ಲಿಯೇ ಇತ್ತು.

ತಾಮ್ರಪಟಗಳ ಬಳೆಗೆ ಬೆಸೆದ ಲಾಂಛನವೇ ಅವುಗಳ ಮೊದಲ ಗುರುತು. ಗಂಗರ ಮುದ್ರೆಯಲ್ಲಿ ಆನೆ, ಬಾದಾಮಿ ಚಾಲುಕ್ಯರ ಮುದ್ರೆಯಲ್ಲಿ ವರಾಹ, ರಾಷ್ಟ್ರಕೂಟರ ಮುದ್ರೆಯಲ್ಲಿ ಗರುಡ ಇರುತ್ತಿತ್ತು. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳ ಪಾಠ ಸಂಸ್ಕೃತದಲ್ಲಿದ್ದು ನಂದಿನಾಗರಿ ಲಿಪಿಯಲ್ಲಿದ್ದರೂ, ಕೊನೆಯ ಅಂಕಿತ ಮಾತ್ರ ಕನ್ನಡ ಲಿಪಿಯಲ್ಲಿ ಶ್ರೀ ವಿರೂಪಾಕ್ಷ ಎಂದಿದೆ. ಪಾಠ ಓದಲು ಬಾರದವನೂ ಆ ಅಂಕಿತವನ್ನು ಗುರುತಿಸಬಹುದಾಗಿತ್ತು.

ಮುದ್ರೆ ಇದ್ದಲ್ಲಿ ಕಳ್ಳಮುದ್ರೆಯೂ ಇತ್ತು. ಕ್ರಿ.ಶ. 631ರ ಮಧುಬನ್ ತಾಮ್ರಪಟದಲ್ಲಿ ಹರ್ಷವರ್ಧನನು, ಒಬ್ಬನು ಕೂಟಶಾಸನದ, ಎಂದರೆ ನಕಲಿ ಶಾಸನದ ಬಲದಿಂದ ಅನುಭವಿಸುತ್ತಿದ್ದ ಊರನ್ನು ಕಿತ್ತುಕೊಂಡು, ಹಳೆಯ ಪಟವನ್ನು ಒಡೆಸಿ, ಹೊಸದಾಗಿ ಬೇರೆಯವರಿಗೆ ದಾನ ಕೊಟ್ಟ ಸಂಗತಿ ದಾಖಲಾಗಿದೆ. ಗಂಗರ ಹೆಸರಿನ ಹಲವು ತಾಮ್ರಪಟಗಳು ಅನಂತರದವರು ಹುಟ್ಟಿಸಿದವು ಎಂದು ಜೆ.ಎಫ್. ಫ್ಲೀಟ್ ವಾದಿಸಿದರು, ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಕರ್ನಾಟಕದ ಶಾಸನಶಾಸ್ತ್ರದಲ್ಲಿ ಆ ವಾದ ಬಹುಕಾಲ ನಡೆಯಿತು.

ಗಡಿ ದಾಟುವ ಜನರಿಗೆ ಮುದ್ರೆ ಕೊಡುವ ಅಧಿಕಾರಿಯ ವಿವರ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಮುದ್ರಾಧ್ಯಕ್ಷನು ಒಂದು ಮಾಷಕ ಶುಲ್ಕ ಪಡೆದು ಮುದ್ರೆ ಕೊಡಬೇಕು. ಮುದ್ರೆ ಇದ್ದವನಿಗೆ ಮಾತ್ರ ಜನಪದದೊಳಗೆ ಬರಲು, ಅಲ್ಲಿಂದ ಹೊರಹೋಗಲು ಅವಕಾಶ. ಮುದ್ರೆಯಿಲ್ಲದ ಸ್ಥಳೀಯನಿಗೆ 12 ಪಣ ದಂಡ. ನಕಲಿ ಮುದ್ರೆಗೆ ಇನ್ನೂ ಹೆಚ್ಚಿನ ದಂಡ. ತಪ್ಪು ಮಾಡಿದವನು ಹೊರನಾಡಿನವನಾದರೆ ದಂಡಗಳಲ್ಲೇ ಅತಿ ದೊಡ್ಡದು.

ಮೊಘಲರ ಆಡಳಿತದಲ್ಲಿ ಇನ್ನೊಂದು ಪದ್ಧತಿ ಬೇರೂರಿತು. ಮೂಲ ಫರ್ಮಾನನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಖಾಜಿಯ ಮೊಹರು ಬಿದ್ದ ನಕಲನ್ನು ವ್ಯವಹಾರಕ್ಕೆ ಬಳಸುತ್ತಿದ್ದರು. ಇಂದಿನ ಟ್ರೂ ಕಾಪಿಗಿರುವ ಕೆಲಸವನ್ನು ಆ ನಕಲು ಮಾಡುತ್ತಿತ್ತು.

ಯುರೋಪಿನ ನೋಟರಿ

ಇಂದು ಜಗತ್ತಿನೆಲ್ಲೆಡೆ ಇರುವ ನೋಟರಿಯ ಮೂಲ ರೋಮನ್ ಜಗತ್ತಿನಲ್ಲಿದೆ. ಪೇಟೆಯಲ್ಲಿ ಕುಳಿತು ಜನರಿಗೆ ಕರಾರು, ಮರಣಶಾಸನ ಬರೆದುಕೊಡುತ್ತಿದ್ದ ವೃತ್ತಿಯವರು ಅಲ್ಲಿದ್ದರು. 6ನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಇವರ ಮೇಲೆ ಕಟ್ಟುನಿಟ್ಟು ತಂದನು. ದಸ್ತಾವೇಜು ಬರೆಯುವಾಗ ಅವರು ಸ್ವತಃ ಹಾಜರಿರಬೇಕು. ರಾಜಧಾನಿಯಲ್ಲಿ ಬರೆಯುವ ಪತ್ರಗಳಿಗೆ, ಅಧಿಕಾರಿಯ ಹೆಸರು ಮತ್ತು ಕಾಲ ನಮೂದಾಗಿರುವ ಮೊದಲ ಹಾಳೆಯನ್ನು ಕತ್ತರಿಸದೆ ಉಳಿಸಿಕೊಂಡ ಕಾಗದವನ್ನೇ ಬಳಸಬೇಕು. ಬರಹಕ್ಕೆ ಮುಂಚೆ ಕಾಗದವೇ ತನ್ನ ಗುರುತು ಹೇಳಬೇಕೆಂಬ ಈ ಆಲೋಚನೆ ಮುಂದೆ ಛಾಪಾ ಕಾಗದದವರೆಗೂ ನಡೆದುಬಂತು.

ಮಧ್ಯಯುಗದ ಇಟಲಿಯಲ್ಲಿ ಈ ವೃತ್ತಿ ಶಾಸ್ತ್ರವಾಗಿ ಬೆಳೆಯಿತು. ಬೊಲೋನ್ಯಾ ನಗರದ ರೊಲಾಂಡಿನೊ 13ನೇ ಶತಮಾನದಲ್ಲಿ ಬರೆದ ನೋಟರಿ ಕಲೆಯ ಗ್ರಂಥ ಯುರೋಪಿನಾದ್ಯಂತ ಪಠ್ಯವಾಯಿತು. ಪ್ರತಿ ನೋಟರಿಯೂ ತನ್ನದೇ ಚಿತ್ರಚಿಹ್ನೆಯನ್ನು ದಸ್ತಾವೇಜಿನ ಕೆಳಗೆ ಕೈಯಿಂದ ಬಿಡಿಸುತ್ತಿದ್ದನು. ಅದನ್ನು ಇನ್ನೊಬ್ಬರು ಬಳಸುವಂತಿರಲಿಲ್ಲ. ನೋಟರಿಗೆ ಅಧಿಕಾರ ಬರುತ್ತಿದ್ದುದು ಪೋಪನಿಂದ ಅಥವಾ ಪವಿತ್ರ ರೋಮನ್ ಚಕ್ರವರ್ತಿಯಿಂದ. ಹಾಗಾಗಿ ಒಂದು ನಗರದ ನೋಟರಿ ಬರೆದ ಪತ್ರ ದೂರದ ಇನ್ನೊಂದು ನಗರದಲ್ಲೂ ನಡೆಯುತ್ತಿತ್ತು. ಎರಡೂ ಊರುಗಳು ಒಪ್ಪುವ ಒಬ್ಬ ಹಿರಿಯನ ಹೆಸರು ಅದರ ಬೆನ್ನಿಗಿತ್ತು.

ಸ್ವತಂತ್ರ ರಾಜ್ಯಗಳು ಬಲಿತಂತೆ ಈ ಸಾಮಾನ್ಯ ಅಧಿಕಾರ ಮುರಿಯಿತು. ಇಂಗ್ಲೆಂಡಿನ ಎರಡನೆಯ ಎಡ್ವರ್ಡ್ 1320ರಲ್ಲಿ ಚಕ್ರವರ್ತಿ ನೇಮಿಸಿದ ನೋಟರಿಗಳನ್ನು ತನ್ನ ರಾಜ್ಯದಲ್ಲಿ ನಿಷೇಧಿಸಿದನು. ಎಂಟನೆಯ ಹೆನ್ರಿಯ ಕಾಲದಲ್ಲಿ, 1533ರ ಕಾಯ್ದೆಯ ಮೂಲಕ, ನೋಟರಿಗಳನ್ನು ನೇಮಿಸುವ ಪೋಪನ ಅಧಿಕಾರ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ ಹೋಯಿತು. ಆರ್ಚ್‌ಬಿಷಪ್‌ರ ಫ್ಯಾಕಲ್ಟಿ ಆಫೀಸ್ ಎಂಬ ಕಚೇರಿ ಇಂದಿಗೂ ಇಂಗ್ಲೆಂಡಿನ ನೋಟರಿಗಳನ್ನು ನೇಮಿಸುತ್ತಿದೆ. ಪ್ರತಿ ರಾಜ್ಯವೂ ತನ್ನ ಮುದ್ರೆಗೆ ತಾನೇ ಒಡೆಯನಾದ ಮೇಲೆ, ಒಬ್ಬರ ಮುದ್ರೆಯನ್ನು ಇನ್ನೊಬ್ಬರಿಗೆ ಪರಿಚಯಿಸುವವರು ಬೇಕಾದರು.

ಕಾನ್ಸಲರ ಸರಪಳಿ

ಆ ಕೆಲಸ ಕಾನ್ಸಲರ ಪಾಲಿಗೆ ಬಂತು. ಮೆಡಿಟರೇನಿಯನ್ ಬಂದರುಗಳಲ್ಲಿ ತಮ್ಮ ದೇಶದ ವರ್ತಕರ ವ್ಯಾಜ್ಯ, ಸಾವು, ಆಸ್ತಿ, ಹಡಗಿನ ಕಾಗದಪತ್ರ ನೋಡಿಕೊಳ್ಳಲು ನೇಮಕವಾದ ಇವರು ಸ್ಥಳೀಯ ಅಧಿಕಾರಿಗಳ ರುಜು, ಮುದ್ರೆಗಳನ್ನು ಬಲ್ಲವರಾಗಿದ್ದರು. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1681ರ ಆಗಸ್ಟ್‌ನಲ್ಲಿ ಫ್ರಾನ್ಸ್ ಹೊರಡಿಸಿದ ನೌಕಾ ಶಾಸನವು ಈ ರೂಢಿಯನ್ನು ನಿಯಮವಾಗಿಸಿತು. ಫ್ರೆಂಚ್ ಕಾನ್ಸಲ್ ಇರುವ ಪರದೇಶದಿಂದ ಬಂದ ಯಾವ ಪತ್ರಕ್ಕೂ, ಆ ಕಾನ್ಸಲ್ ದೃಢೀಕರಿಸದ ಹೊರತು ಫ್ರಾನ್ಸಿನಲ್ಲಿ ಬೆಲೆಯಿಲ್ಲ ಎಂದು ಅದು ಸಾರಿತು. ಇದೇ ನಿಯಮದ ಬಲದ ಮೇಲೆ ಫ್ರೆಂಚ್ ನ್ಯಾಯಾಲಯಗಳು ಮುನ್ನೂರಕ್ಕೂ ಹೆಚ್ಚು ವರ್ಷ ವಿದೇಶಿ ದಾಖಲೆಗಳನ್ನು ಅಳೆದವು.

19ನೇ ಶತಮಾನದಲ್ಲಿ ಹಡಗು, ರೈಲು, ವಲಸೆ ಹೆಚ್ಚಿದಂತೆ ಈ ಪದ್ಧತಿ ಜಗತ್ತಿನ ಸಾಮಾನ್ಯ ನಿಯಮವಾಯಿತು. ಅದರ ಕ್ರಮ ಹೀಗಿತ್ತು. ಊರಿನ ಅಧಿಕಾರಿ ಅಥವಾ ನೋಟರಿಯ ರುಜುವನ್ನು ಅವನ ಮೇಲಿನವನು ದೃಢೀಕರಿಸುತ್ತಾನೆ. ಅವನ ರುಜುವನ್ನು ಪ್ರಾಂತದ ಕಾರ್ಯದರ್ಶಿ, ಕಾರ್ಯದರ್ಶಿಯ ರುಜುವನ್ನು ವಿದೇಶಾಂಗ ಇಲಾಖೆ, ಇಲಾಖೆಯ ರುಜುವನ್ನು ಕಾಗದ ಹೋಗಬೇಕಾದ ದೇಶದ ರಾಯಭಾರ ಕಚೇರಿ. ಕೊನೆಗೆ ಆ ದೇಶ ತಲುಪಿದ ಮೇಲೆ ರಾಯಭಾರ ಕಚೇರಿಯ ರುಜುವನ್ನು ಅಲ್ಲಿನ ವಿದೇಶಾಂಗ ಇಲಾಖೆಯೂ ದೃಢೀಕರಿಸುವುದುಂಟು. ಪ್ರತಿ ಹಂತದಲ್ಲೂ ಕೆಲಸ ಒಂದೇ. ಮೇಲಿನ ಕಚೇರಿಯಲ್ಲಿ ಕೆಳಗಿನ ಅಧಿಕಾರಿಗಳ ಮಾದರಿ ಸಹಿಗಳ ಕಡತ ಇರುತ್ತದೆ. ಕಾಗದದ ಸಹಿಯನ್ನು ಅದರೊಡನೆ ಹೋಲಿಸಿ ಮುದ್ರೆ ಒತ್ತುತ್ತಾರೆ. ಅಧಿಕಾರಿ ವರ್ಗವಾಗಿ ಹೊಸಬರ ಮಾದರಿ ಸಹಿ ಬರುವುದು ತಡವಾದರೆ ಕಾಗದ ಅಲ್ಲೇ ನಿಲ್ಲುತ್ತದೆ. ಕಾನ್ಸಲರು ನೋಟರಿಯ ಕೆಲಸ ಮಾಡಬಹುದೆಂಬುದನ್ನು 1963ರ ವಿಯೆನ್ನಾ ಕಾನ್ಸಲರ್ ಸಂಬಂಧಗಳ ಒಪ್ಪಂದವೂ ಹೇಳಿದೆ.

ಬ್ರಿಟಿಷ್ ಭಾರತದಿಂದ ನೋಟರಿ ಕಾಯ್ದೆಯವರೆಗೆ

ಭಾರತದಲ್ಲಿ ವಿದೇಶಿ ದಾಖಲೆಗಳ ಸಾಕ್ಷ್ಯದ ನಿಯಮ ಮೊದಲು ಸ್ಪಷ್ಟವಾಗಿ ರೂಪುಗೊಂಡದ್ದು, ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಕಾಯ್ದೆಯಲ್ಲಿ. ವಿದೇಶದ ಸಾರ್ವಜನಿಕ ದಾಖಲೆಯ ನಕಲನ್ನು ಅದರ ಅಧಿಕೃತ ಪಾಲಕ ದೃಢೀಕರಿಸಿರಬೇಕು. ಅದರ ಮೇಲೆ ನೋಟರಿಯ ಅಥವಾ ಕಾನ್ಸಲ್‌ನ ಮುದ್ರೆಯುಳ್ಳ ಪ್ರಮಾಣ ಪತ್ರ ಇರಬೇಕು ಎಂದು 78ನೇ ಕಲಂ ವಿಧಿಸಿತು. ನೋಟರಿ, ನ್ಯಾಯಾಧೀಶ, ಮ್ಯಾಜಿಸ್ಟ್ರೇಟ್ ಅಥವಾ ಕಾನ್ಸಲ್ ಎದುರು ಬರೆದು ದೃಢೀಕರಿಸಿದ ಮುಖ್ತಾರನಾಮೆಯನ್ನು ಕೋರ್ಟು ಸಾಚಾ ಎಂದೇ ಭಾವಿಸಬೇಕು ಎಂದು 85ನೇ ಕಲಂ ಹೇಳಿತು. 2024ರ ಜುಲೈ 1ರಿಂದ ಈ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ.

ಆಗಿನ ನೋಟರಿಗಳ ನೇಮಕದಲ್ಲಿ ಒಂದು ವಿಚಿತ್ರವಿತ್ತು. ಹುಂಡಿ, ಪ್ರಾಮಿಸರಿ ನೋಟಿನಂಥ ವ್ಯವಹಾರಗಳ ಮಟ್ಟಿಗೆ ಮಾತ್ರ ನೋಟರಿಗಳನ್ನು ನೇಮಿಸುವ ಅವಕಾಶ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿತ್ತು. ಎಲ್ಲ ಬಗೆಯ ಕೆಲಸಕ್ಕೂ ಅಧಿಕಾರವುಳ್ಳ ನೋಟರಿಯನ್ನು ನೇಮಿಸುತ್ತಿದ್ದುದು ಕ್ಯಾಂಟರ್ಬರಿ ಆರ್ಚ್‌ಬಿಷಪ್‌ರ ಅದೇ ಫ್ಯಾಕಲ್ಟಿ ಕಚೇರಿ. ಭಾರತದ ವಕೀಲರೊಬ್ಬರು ಸಾಗರದಾಚೆ ನಡೆಯುವ ಕಾಗದಕ್ಕೆ ಮುದ್ರೆ ಒತ್ತಬೇಕಾದರೆ ಇಂಗ್ಲೆಂಡಿನ ಚರ್ಚಿನ ಅಧಿಕಾರಿಯಿಂದ ಅನುಮತಿ ಪಡೆಯಬೇಕಾಗಿತ್ತು. ಸ್ವತಂತ್ರ ದೇಶಕ್ಕೆ ಇದು ಒಪ್ಪುವುದಿಲ್ಲವೆಂದೇ 1952ರಲ್ಲಿ ಸಂಸತ್ತು ನೋಟರಿ ಕಾಯ್ದೆ ತಂದಿತು. ಅದು ಜಾರಿಗೆ ಬಂದದ್ದು 1956ರ ಫೆಬ್ರವರಿ 14ರಂದು. ಅಲ್ಲಿಂದ ಮುಂದೆ ನೇಮಕದ ಅಧಿಕಾರ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದಾಯಿತು. ನೋಟರಿಯ ಮುದ್ರೆ 5 ಸೆಂಟಿಮೀಟರ್ ವ್ಯಾಸದ ದುಂಡನೆಯ ಮುದ್ರೆಯಾಗಿರಬೇಕು, ಅದರಲ್ಲಿ ಹೆಸರು, ಅಧಿಕಾರದ ಪ್ರದೇಶ, ನೋಂದಣಿ ಸಂಖ್ಯೆ ಇರಬೇಕು ಎಂದು 1956ರ ನಿಯಮಗಳು ಗೊತ್ತುಮಾಡಿದವು. ಇದಕ್ಕೂ ಮೊದಲೇ, 1948ರ ಕಾಯ್ದೆಯೊಂದು ವಿದೇಶಗಳಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಗಳಿಗೆ ಪ್ರಮಾಣ ಮಾಡಿಸುವ ಮತ್ತು ನೋಟರಿಯ ಕೆಲಸ ಮಾಡುವ ಅಧಿಕಾರ ಕೊಟ್ಟಿತ್ತು.

ಹೇಗ್ ಒಪ್ಪಂದ, 1961

ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿ ಜನರ ಓಡಾಟ ಹೆಚ್ಚಿ, ಕಾನ್ಸಲರ ಸರಪಳಿ ಹೊರೆಯಾಯಿತು. ಬ್ರಿಟನ್ ಇದನ್ನು ಯುರೋಪ್ ಮಂಡಳಿಯಲ್ಲಿ ಪ್ರಸ್ತಾಪಿಸಿತು. ಮಂಡಳಿಯು ವಿಷಯವನ್ನು, 1893ರಿಂದ ಅಂತರರಾಷ್ಟ್ರೀಯ ಖಾಸಗಿ ಕಾನೂನಿನ ಮೇಲೆ ಕೆಲಸ ಮಾಡುತ್ತಿದ್ದ ಹೇಗ್ ಸಮ್ಮೇಳನಕ್ಕೆ ಒಪ್ಪಿಸಿತು. 1960ರಲ್ಲಿ ನಡೆದ ಸಮ್ಮೇಳನದ ಒಂಬತ್ತನೆಯ ಅಧಿವೇಶನ ಕರಡನ್ನು ಸಿದ್ಧಮಾಡಿತು. 1961ರ ಅಕ್ಟೋಬರ್ 5ರಂದು ಒಪ್ಪಂದ ಸಹಿಗೆ ತೆರೆದುಕೊಂಡಿತು. ಮೂರು ದೇಶಗಳ ಅನುಮೋದನೆ ಸಿಕ್ಕ ಮೇಲೆ 1965ರ ಜನವರಿ 24ರಂದು ಜಾರಿಗೆ ಬಂತು.

ದೃಢೀಕರಣವನ್ನೇ ಪೂರ್ತಿ ಕೈಬಿಟ್ಟರೆ ನಕಲಿ ದಾಖಲೆಗಳಿಗೆ ಬಾಗಿಲು ತೆರೆದಂತೆ; ಇದ್ದಂತೆಯೇ ಬಿಟ್ಟರೆ ಹೊರೆ ಇಳಿಯುವುದಿಲ್ಲ. ಒಪ್ಪಂದ ನಡುವಿನ ದಾರಿ ಹಿಡಿಯಿತು. ದಾಖಲೆ ಹುಟ್ಟಿದ ದೇಶವೇ ಗೊತ್ತುಮಾಡಿದ ಒಂದು ಅಧಿಕಾರ ಸಂಸ್ಥೆ ಒಂದೇ ಒಂದು ಪ್ರಮಾಣ ಪತ್ರ ಅಂಟಿಸಬೇಕು. ಅದನ್ನು ಒಪ್ಪಂದದ ಉಳಿದೆಲ್ಲ ದೇಶಗಳು ಮತ್ತೆ ಯಾರ ರುಜುವನ್ನೂ ಕೇಳದೆ ಒಪ್ಪಬೇಕು. ಈ ಪತ್ರವೇ ಅಪೋಸ್ಟಿಲ್. ಹೀಗೆ ರಾಯಭಾರ ಕಚೇರಿಯ ಹಂತ ಬಿದ್ದುಹೋಯಿತು. ಮಧ್ಯಯುಗದಲ್ಲಿ ಪೋಪ್ ಅಥವಾ ಚಕ್ರವರ್ತಿಯ ಹೆಸರು ಮಾಡುತ್ತಿದ್ದ ಕೆಲಸವನ್ನು ಈಗ ಸಮಾನ ದೇಶಗಳ ನಡುವಿನ ಒಪ್ಪಂದ ಮಾಡತೊಡಗಿತು.

ಪತ್ರದ ರೂಪವನ್ನೂ ಒಪ್ಪಂದ ನಿಗದಿ ಮಾಡಿದೆ. ಅದು ಕನಿಷ್ಠ 9 ಸೆಂಟಿಮೀಟರ್ ಬದಿಯ ಚೌಕ. ಯಾವ ಭಾಷೆಯಲ್ಲಿ ತುಂಬಿದರೂ ಶೀರ್ಷಿಕೆ ಫ್ರೆಂಚ್‌ನಲ್ಲಿಯೇ ಇರಬೇಕು. ಒಳಗೆ ಹತ್ತು ಅಂಶಗಳಿವೆ. ದಾಖಲೆಯ ದೇಶ, ರುಜು ಮಾಡಿದವರು, ಅವರ ಹುದ್ದೆ, ದಾಖಲೆಯ ಮೇಲಿರುವ ಮುದ್ರೆ ಯಾರದು ಎಂಬ ನಾಲ್ಕು ಮೊದಲ ಭಾಗದಲ್ಲಿವೆ. ದೃಢೀಕರಿಸಿದ ಸ್ಥಳ, ದಿನಾಂಕ, ಅಧಿಕಾರ ಸಂಸ್ಥೆ, ಕ್ರಮಸಂಖ್ಯೆ, ಮುದ್ರೆ, ಸಹಿ ಎಂಬ ಆರು ಎರಡನೆಯ ಭಾಗದಲ್ಲಿವೆ. ಕೊಟ್ಟ ಪ್ರತಿಯೊಂದು ಪತ್ರದ ವಿವರವನ್ನೂ ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಯಾರು ಕೇಳಿದರೂ ತಾಳೆ ನೋಡಿ ಹೇಳಬೇಕು.

ಒಪ್ಪಂದ ಅನ್ವಯಿಸುವುದು ಕೋರ್ಟಿನ ದಾಖಲೆ, ಆಡಳಿತದ ದಾಖಲೆ, ನೋಟರಿಯ ಪತ್ರ ಮತ್ತು ಖಾಸಗಿ ಪತ್ರದ ಮೇಲೆ ಅಧಿಕಾರಿ ಬರೆದ ಪ್ರಮಾಣಗಳಿಗೆ. ರಾಯಭಾರಿ, ಕಾನ್ಸಲರು ಬರೆದ ಪತ್ರಗಳೂ, ನೇರವಾಗಿ ವ್ಯಾಪಾರ ಅಥವಾ ಸುಂಕಕ್ಕೆ ಸಂಬಂಧಿಸಿದ ಆಡಳಿತ ಪತ್ರಗಳೂ ಅದರಿಂದ ಹೊರಗೆ. ಅಪೋಸ್ಟಿಲ್ ಏನನ್ನು ದೃಢೀಕರಿಸುತ್ತದೆ ಎಂಬುದನ್ನೂ ಒಪ್ಪಂದ ಸ್ಪಷ್ಟಮಾಡಿದೆ: ರುಜು ನಿಜವೇ, ರುಜು ಮಾಡಿದವರು ಯಾವ ಹುದ್ದೆಯಲ್ಲಿದ್ದು ಮಾಡಿದರು, ಮುದ್ರೆ ಯಾರದು. ದಾಖಲೆಯ ಒಕ್ಕಣೆ ಸತ್ಯವೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಕೊಲ್ಲಿ ರಾಷ್ಟ್ರಗಳು ಮತ್ತು ಕರಾವಳಿ

ಕರ್ನಾಟಕದಲ್ಲಿ ಅಟೆಸ್ಟೇಷನ್ ಮನೆಮಾತಾದದ್ದು ಕೊಲ್ಲಿ ರಾಷ್ಟ್ರಗಳ ವಲಸೆಯಿಂದ. 1973ರ ನಂತರ ತೈಲದ ಬೆಲೆ ಏರಿ ಅಲ್ಲಿ ಕೆಲಸಗಳು ಹುಟ್ಟಿಕೊಂಡಾಗ ಮಂಗಳೂರು, ಉಡುಪಿ, ಭಟ್ಕಳದ ಕಡೆಗಳಿಂದ ಜನ ದೊಡ್ಡ ಸಂಖ್ಯೆಯಲ್ಲಿ ಹೊರಟರು. ಕೆಲಸದ ವೀಸಾಕ್ಕೆ ಪದವಿ ಅಥವಾ ಡಿಪ್ಲೊಮಾ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಮದುವೆಯ ಪತ್ರ ಮತ್ತು ಜನನ ಪತ್ರ, ನರ್ಸುಗಳಿಗೆ ತರಬೇತಿ ಮತ್ತು ನೋಂದಣಿಯ ಪತ್ರಗಳು ಬೇಕಾದವು. ಎಲ್ಲಕ್ಕೂ ಹಳೆಯ ಸರಪಳಿಯೇ ದಾರಿ.

ಶೈಕ್ಷಣಿಕ ದಾಖಲೆ ಮೊದಲು ರಾಜ್ಯದ ಶಿಕ್ಷಣ ಇಲಾಖೆಯಲ್ಲಿ, ಜನನ, ಮದುವೆಯಂಥ ವೈಯಕ್ತಿಕ ದಾಖಲೆ ಗೃಹ ಇಲಾಖೆಯಲ್ಲಿ ದೃಢೀಕರಣವಾಗಬೇಕು. ವ್ಯಾಪಾರದ ಕಾಗದಗಳಿಗೆ ವಾಣಿಜ್ಯ ಮಂಡಳಿಯ ಮುದ್ರೆ ಬೇಕು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಹುಟ್ಟಿ ಇಂದು ಎಫ್‌ಕೆಸಿಸಿಐ ಎನಿಸಿಕೊಂಡಿರುವ ಸಂಸ್ಥೆ ಅಂಥದೊಂದು. ಅಲ್ಲಿಂದ ದೆಹಲಿಯ ವಿದೇಶಾಂಗ ಸಚಿವಾಲಯ, ಬಳಿಕ ಆಯಾ ದೇಶದ ರಾಯಭಾರ ಕಚೇರಿ ಅಥವಾ ಮುಂಬಯಿಯ ದೂತಾವಾಸ, ಕೊನೆಗೆ ಕೆಲಸದ ದೇಶದ ವಿದೇಶಾಂಗ ಇಲಾಖೆ. ಸೌದಿ ಅರೇಬಿಯಾಕ್ಕೆ ಹೋಗುವ ಪದವಿ ಪತ್ರಗಳಿಗೆ ಅದರ ಸಾಂಸ್ಕೃತಿಕ ಕಚೇರಿಯ ಮುದ್ರೆಯೂ ಬೇಕಾಗಿತ್ತು. ಮಂಗಳೂರಿನ ಕಾಗದ ಬೆಂಗಳೂರು, ದೆಹಲಿ, ಮುಂಬಯಿ ಸುತ್ತಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ಈ ಸುತ್ತಾಟವನ್ನು ತಾವು ವಹಿಸಿಕೊಂಡು ಹಣ ಪಡೆಯುವ ಏಜೆನ್ಸಿಗಳು ಪೇಟೆಪೇಟೆಯಲ್ಲೂ ಬೋರ್ಡು ಹಾಕಿದವು.

ಭಾರತದ ಸೇರ್ಪಡೆ

ಭಾರತವು ಹೇಗ್ ಒಪ್ಪಂದಕ್ಕೆ ಸೇರುವ ಪತ್ರವನ್ನು 2004ರ ಅಕ್ಟೋಬರ್ 26ರಂದು ಸಲ್ಲಿಸಿತು. 2005ರ ಜುಲೈ 14ರಿಂದ ಒಪ್ಪಂದ ಭಾರತಕ್ಕೆ ಅನ್ವಯವಾಯಿತು. ಆಗಿನ್ನೂ ಭಾರತ ಹೇಗ್ ಸಮ್ಮೇಳನದ ಸದಸ್ಯ ರಾಷ್ಟ್ರವಾಗಿರಲಿಲ್ಲ. ಸದಸ್ಯತ್ವ ಬಂದದ್ದು 2008ರಲ್ಲಿ. ಹೊಸದಾಗಿ ಸೇರುವ ದೇಶದ ಬಗ್ಗೆ ಹಳೆಯ ದೇಶಗಳು ಆಕ್ಷೇಪ ಎತ್ತಬಹುದು. ಆಕ್ಷೇಪಿಸಿದ ದೇಶಕ್ಕೂ ಹೊಸ ದೇಶಕ್ಕೂ ನಡುವೆ ಒಪ್ಪಂದ ಜಾರಿಯಾಗುವುದಿಲ್ಲ. ಭಾರತದ ವಿಷಯದಲ್ಲಿ ಜರ್ಮನಿ, ಬೆಲ್ಜಿಯಂ, ಫಿನ್‌ಲೆಂಡ್, ನೆದರ್‌ಲೆಂಡ್ಸ್, ಸ್ಪೇನ್ ಆಕ್ಷೇಪಿಸಿದವು. ಮುಂದೆ ಜರ್ಮನಿಯೊಂದನ್ನು ಬಿಟ್ಟು ಉಳಿದವು ಆಕ್ಷೇಪ ಹಿಂತೆಗೆದುಕೊಂಡವು. ಭಾರತದ ಜನನ, ಮದುವೆ ಮುಂತಾದ ಪತ್ರಗಳ ಬಗ್ಗೆ ಜರ್ಮನಿಯ ಕಚೇರಿಗಳಿಗೆ ಖಾತ್ರಿ ಬೇಕಾದಾಗ ಅದರ ದೂತಾವಾಸಗಳು ಊರಿನಲ್ಲೇ ವಿಚಾರಣೆ ಮಾಡಿಸಿ, ಬರೆದಿರುವ ಸಂಗತಿ ನಿಜವೇ ಎಂದು ನೋಡುತ್ತವೆ. ಮುದ್ರೆ ಹೇಳದೆ ಬಿಟ್ಟದ್ದನ್ನೇ ಆ ವಿಚಾರಣೆ ಹುಡುಕುತ್ತದೆ.

ಭಾರತದಲ್ಲಿ ಅಪೋಸ್ಟಿಲ್ ಕೊಡುವುದು ವಿದೇಶಾಂಗ ಸಚಿವಾಲಯದ ಕಾನ್ಸಲರ್ ವಿಭಾಗ. ಮೂಲ ದಾಖಲೆಯ ಹಿಂಬದಿಗೆ ಗುರುತುಸಂಖ್ಯೆಯುಳ್ಳ ಮುದ್ರಿತ ಚೀಟಿ ಅಂಟಿಸುತ್ತಾರೆ. ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. 2012ರಿಂದ ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಆ ಕೆಲಸವನ್ನು ಗೊತ್ತುಮಾಡಿದ ಹೊರಗಿನ ಸಂಸ್ಥೆಗಳಿಗೆ ಒಪ್ಪಿಸಿತು. 2019ರಲ್ಲಿ ಅಧಿಕಾರವನ್ನು ದೆಹಲಿಯಾಚೆಗೂ ಹಂಚಿದಾಗ ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಗೂ ಅದು ದೊರೆಯಿತು. ಅಲ್ಲಿಂದ ಮುಂದೆ ಕರ್ನಾಟಕದ ಕಾಗದ ದೆಹಲಿಗೆ ಹೋಗಲೇಬೇಕೆಂಬ ಅಗತ್ಯ ಉಳಿಯಲಿಲ್ಲ.

ಆದರೂ ದೇಶದೊಳಗಿನ ಸರಪಳಿ ಹಾಗೆಯೇ ಇದೆ. ಹೇಗ್ ಒಪ್ಪಂದ ತೆಗೆದುಹಾಕಿದ್ದು ಗಡಿಯಾಚೆಗಿನ ಹಂತಗಳನ್ನು; ಅಪೋಸ್ಟಿಲ್‌ಗೆ ಮೊದಲು ಒಳಗೆ ಎಷ್ಟು ಮುದ್ರೆಗಳಿರಬೇಕೆಂಬುದನ್ನು ಆಯಾ ದೇಶಕ್ಕೇ ಬಿಟ್ಟಿದೆ. ದೇಶದ ಸಾವಿರಾರು ರಿಜಿಸ್ಟ್ರಾರರು, ಕುಲಪತಿಗಳು, ನೋಟರಿಗಳ ಮಾದರಿ ಸಹಿ ಒಂದೇ ಕಚೇರಿಯಲ್ಲಿ ಇಡುವುದು ಆಗದ ಮಾತಾದ್ದರಿಂದ ರಾಜ್ಯದ ಇಲಾಖೆಯ ಮುದ್ರೆ ಮೊದಲು ಬೀಳಬೇಕು. ಇದೇ ಅವಧಿಯಲ್ಲಿ ದೇಶದೊಳಗಿನ ಬಳಕೆಗೆ ಗೆಜೆಟೆಡ್ ಅಧಿಕಾರಿಯ ದೃಢೀಕರಣದ ಬದಲು ಅರ್ಜಿದಾರರೇ ಸಹಿ ಮಾಡಿದರೆ ಸಾಕೆಂದು ಕೇಂದ್ರ ಸರ್ಕಾರ 2014ರಲ್ಲಿ ಸೂಚಿಸಿತು. ಒಳಗೆ ಸಡಿಲವಾದ ನಿಯಮ ಹೊರಗೆ ಹೋಗುವ ಕಾಗದಕ್ಕೆ ಸಡಿಲವಾಗಲಿಲ್ಲ.

ಹೊರಗಿನಿಂದ ಬರುವ ಕಾಗದ

ದೃಢೀಕರಣ ಎರಡೂ ದಿಕ್ಕಿಗೆ ನಡೆಯುತ್ತದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಕನ್ನಡಿಗರು ಊರಿನ ಸೈಟು, ಜಮೀನು, ಮನೆಯ ವ್ಯವಹಾರಕ್ಕೆ ಅಣ್ಣತಮ್ಮಂದಿರಿಗೋ ತಂದೆತಾಯಿಗೋ ಜಿಪಿಎ, ಎಂದರೆ ಮುಖ್ತಾರನಾಮೆ ಬರೆದು ಕಳಿಸುವುದು ಸಾಮಾನ್ಯ. ಅದನ್ನು ಅಲ್ಲಿನ ನೋಟರಿಯ ಎದುರು ರುಜು ಮಾಡಿ ಅಪೋಸ್ಟಿಲ್ ಹಾಕಿಸುತ್ತಾರೆ, ಅಥವಾ ಭಾರತದ ದೂತಾವಾಸದಲ್ಲಿ ದೃಢೀಕರಿಸಿಕೊಳ್ಳುತ್ತಾರೆ. 1908ರ ನೋಂದಣಿ ಕಾಯ್ದೆಯ 33ನೇ ಕಲಂ ವಿದೇಶದಲ್ಲಿ ನೋಟರಿ, ಕೋರ್ಟು, ಮ್ಯಾಜಿಸ್ಟ್ರೇಟ್ ಅಥವಾ ಭಾರತೀಯ ಕಾನ್ಸಲ್ ಎದುರು ಬರೆದು ದೃಢೀಕರಿಸಿದ ಮುಖ್ತಾರನಾಮೆಯನ್ನು ಒಪ್ಪುತ್ತದೆ. ಕಾಗದ ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ, 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಮುದ್ರಾಂಕ ಶುಲ್ಕ ಕಟ್ಟಬೇಕು. ಅದಾದ ಮೇಲೆಯೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದು ನಡೆಯುತ್ತದೆ.

ನೋಟರಿಯ ಮುದ್ರೆಯೊಂದೇ ಸಾಲದು ಎಂಬುದನ್ನು 1971ರ ಕಾನೂನು ವರದಿಗಳಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪೊಂದು ತೋರಿಸುತ್ತದೆ. ಅದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನೋಟರಿಯ ಎದುರು ಬರೆದ ಮುಖ್ತಾರನಾಮೆಯ ಪ್ರಕರಣ. ಬರೆದುಕೊಟ್ಟ ವ್ಯಕ್ತಿ ಇವರೇ ಎಂದು ತಾನು ಖಚಿತಪಡಿಸಿಕೊಂಡಿರುವುದಾಗಿ ನೋಟರಿ ಮೊದಲ ಪತ್ರದಲ್ಲಿ ನಮೂದಿಸಿರಲಿಲ್ಲ. ಆ ಕೊರತೆಯನ್ನು ಎರಡನೆಯ ಪತ್ರ ತುಂಬಿಕೊಟ್ಟದ್ದರಿಂದ ವ್ಯವಹಾರ ಊರ್ಜಿತವಾಯಿತು.

ವಿದ್ಯುನ್ಮಾನ ಮುದ್ರೆ ಮತ್ತು ಇಂದಿನ ಸ್ಥಿತಿ

2006ರಲ್ಲಿ ಹೇಗ್ ಸಮ್ಮೇಳನ ಇ-ಅಪೋಸ್ಟಿಲ್ ಕಾರ್ಯಕ್ರಮ ಆರಂಭಿಸಿತು. ಅದರಲ್ಲಿ ಎರಡು ಭಾಗಗಳಿವೆ: ವಿದ್ಯುನ್ಮಾನ ಸಹಿಯುಳ್ಳ ಪ್ರಮಾಣ ಪತ್ರ, ಮತ್ತು ಯಾರು ಬೇಕಾದರೂ ಅಂತರ್ಜಾಲದಲ್ಲಿ ತಾಳೆ ನೋಡಬಹುದಾದ ರಿಜಿಸ್ಟರ್. ಭಾರತದಲ್ಲಿ 2017ರಲ್ಲಿ ಇ-ಸನದ್ ಬಂತು. ದಾಖಲೆ ಕೊಟ್ಟ ಸಂಸ್ಥೆಯ ಸ್ವಂತ ವಿದ್ಯುನ್ಮಾನ ಭಂಡಾರದಲ್ಲಿಯೇ ಅದು ಇದೆಯೇ ಎಂದು ನೋಡಿ ದೃಢೀಕರಿಸುವುದು ಇದರ ಉದ್ದೇಶ. ಸಹಿ ಹೋಲಿಸುವ ಬದಲು ಮೂಲವನ್ನೇ ಕೇಳುವ ಈ ಕ್ರಮ ಹಳೆಯ ಮಿತಿಯನ್ನು ಸ್ವಲ್ಪಮಟ್ಟಿಗೆ ದಾಟುತ್ತದೆ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಇಲ್ಲದ ಪದವಿಗೆ ನಕಲಿ ಸಹಿ ಎಷ್ಟೇ ಚೆನ್ನಾಗಿದ್ದರೂ ಉಪಯೋಗವಿಲ್ಲ. ಆದರೆ ಮೂಲದ ದಾಖಲೆಯೇ ತಪ್ಪಾಗಿದ್ದರೆ ಇದಕ್ಕೂ ಅದು ತಿಳಿಯದು.

ಒಪ್ಪಂದದ ವ್ಯಾಪ್ತಿ ಈಚಿನ ವರ್ಷಗಳಲ್ಲಿ ಬೇಗ ಬೆಳೆದಿದೆ. ಕೊಲ್ಲಿಯಲ್ಲಿ ಒಮಾನ್‌ಗೆ 2012ರಿಂದ, ಬಹರೈನ್‌ಗೆ 2013ರ ಕೊನೆಯಿಂದ, ಸೌದಿ ಅರೇಬಿಯಾಕ್ಕೆ 2022ರ ಡಿಸೆಂಬರ್ 7ರಿಂದ ಅದು ಅನ್ವಯಿಸುತ್ತಿದೆ. ಚೀನಾದಲ್ಲಿ 2023ರ ನವೆಂಬರ್ 7ರಂದು, ಕೆನಡಾದಲ್ಲಿ 2024ರ ಜನವರಿ 11ರಂದು ಜಾರಿಗೆ ಬಂತು. ಇಂದು 125ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಯುರೋಪ್ ಒಕ್ಕೂಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2019ರ ಫೆಬ್ರವರಿಯಿಂದ ಜನನ, ಮರಣ, ಮದುವೆಯಂಥ ದಾಖಲೆಗಳಿಗೆ ತನ್ನ ಸದಸ್ಯ ರಾಷ್ಟ್ರಗಳ ನಡುವೆ ಅಪೋಸ್ಟಿಲ್ ಕೂಡ ಬೇಡವೆಂದಿದೆ. ಕರಾವಳಿಯ ಜನ ಹೆಚ್ಚಾಗಿ ಹೋಗುವ ಸಂಯುಕ್ತ ಅರಬ್ ಎಮಿರೇಟ್ಸ್, ಕುವೈತ್, ಕತಾರ್‌ಗಳಿಗೆ ಹೋಗುವ ಕಾಗದ ಮಾತ್ರ ಹಳೆಯ ದಾರಿಯಲ್ಲೇ ನಡೆದಿದೆ. ಅವುಗಳಿಗೆ ವಿದೇಶಾಂಗ ಸಚಿವಾಲಯದ ಸಾಮಾನ್ಯ ಅಟೆಸ್ಟೇಷನ್, ಅದರ ಮೇಲೆ ರಾಯಭಾರ ಕಚೇರಿಯ ಮುದ್ರೆ, ಆ ದೇಶ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ ಇಂದಿಗೂ ಬೇಕು.

ಅಪೋಸ್ಟಿಲ್ ಇದ್ದರೂ ಕೆಲವು ಹೊರೆಗಳು ಉಳಿದೇ ಇರುತ್ತವೆ. ಕನ್ನಡದಲ್ಲಿರುವ ದಾಖಲೆಗೆ ಅನುವಾದ ಬೇಕು. ಅನುವಾದಕರ ರುಜುವಿಗೂ ದೃಢೀಕರಣ ಕೇಳುವ ದೇಶಗಳಿವೆ. ಜನನ ನೋಂದಣಿಯೇ ಆಗದ ಹಿರಿಯರು ದಾಖಲೆ ಲಭ್ಯವಿಲ್ಲ ಎಂಬ ಪತ್ರವನ್ನೇ ಪಡೆದು ಅದನ್ನು ದೃಢೀಕರಿಸಿಕೊಳ್ಳಬೇಕು. ಮಾನ್ಯತೆಯಿಲ್ಲದ ಸಂಸ್ಥೆಯ ಪದವಿಯ ಮೇಲೆ ನೋಟರಿಯ ನಿಜವಾದ ರುಜುವಿದ್ದರೆ ಕೆಲವು ದೇಶಗಳಲ್ಲಿ ಅದಕ್ಕೂ ಅಪೋಸ್ಟಿಲ್ ಸಿಗಬಹುದು. ಆ ಚೀಟಿ ನೋಟರಿಯ ರುಜುವಿಗೆ ಸಂಬಂಧಿಸಿದ್ದೇ ಹೊರತು ಪದವಿಗೆ ಸಂಬಂಧಿಸಿದ್ದಲ್ಲ. ಪದವಿಗೆ ಮಾನ್ಯತೆ ಇದೆಯೇ, ಅದು ಆ ಕೆಲಸಕ್ಕೆ ಸಲ್ಲುತ್ತದೆಯೇ ಎಂಬುದನ್ನು ಕಾಗದ ಪಡೆಯುವ ವಿಶ್ವವಿದ್ಯಾಲಯ, ಆಸ್ಪತ್ರೆ ಅಥವಾ ಇಲಾಖೆ ತಾನೇ ವಿಚಾರಿಸಿ ತೀರ್ಮಾನಿಸಬೇಕಾಗುತ್ತದೆ.